ಹೂಬಿಟ್ಟ ಗಿಡದ ಎಲೆಯನ್ನು ಕೀಳಬಹುದೆ?

ಗಿಡವು ಹೂಬಿಡುವ ಕಾಲದಲ್ಲಿ ಅದರ ಎಲೆಗಳಲ್ಲಿ ಕೆಲವನ್ನು ಕಿತ್ತುಹಾಕಿದರೆ ಹೂವೂ ಕಾಯಿಯೂ ಹೆಚ್ಚಾಗುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ದೊಡ್ಡ ಎಲೆಗಳು ಗಿಡದ ಸತ್ತ್ವವನ್ನೆಲ್ಲ ತಾವೇ ತಿಂದುಬಿಡುತ್ತವೆ. ಅವನ್ನು ತೆಗೆದರೆ ಆ ಸತ್ತ್ವ ಮೊಗ್ಗಿಗೆ ಹೋಗುತ್ತದೆ. ಜೊತೆಗೆ ಬಿಸಿಲೂ ಗಾಳಿಯೂ ಒಳಗೆ ಚೆನ್ನಾಗಿ ಆಡುತ್ತವೆ ಎಂಬುದು ಅದಕ್ಕೆ ಕೊಡುವ ಕಾರಣ. ವೈಟ್‌ಫೀಲ್ಡಿನ ಬಹುಮಹಡಿ ಕಟ್ಟಡದ ಮೊಗಸಾಲೆಯಲ್ಲಿ ನಾಲ್ಕು ಕುಂಡಗಳಲ್ಲಿ ಟೊಮೇಟೊ ಬೆಳೆಯುವವರಿಗೂ, ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಆನೇಕಲ್ಲಿನ ಕಡೆ ಹೂವಿನ ಬೇಸಾಯ ಮಾಡುವವರಿಗೂ, ದೇವನಹಳ್ಳಿಯ ಸುತ್ತ ದ್ರಾಕ್ಷಿಯ ಚಪ್ಪರ ಹಾಕಿದವರಿಗೂ ಈ ಪ್ರಶ್ನೆ ಒಂದೇ: ಎಲೆಯನ್ನು ಕೀಳಬೇಕೆ, ಬಿಡಬೇಕೆ?

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಫಲ ಚಿಕ್ಕದಲ್ಲ. ಆಯುಧಪೂಜೆಯ ವಾರದಲ್ಲಿ ಪೀಣ್ಯದ ಒಂದೊಂದು ಕಾರ್ಖಾನೆಯ ಒಂದೊಂದು ಯಂತ್ರಕ್ಕೂ ಸೇವಂತಿಗೆಯ ಹಾರ ಬೇಕು. ಆ ವಾರಕ್ಕೆ ಸರಿಯಾಗಿ ಹೂವು ಅರಳಿದರೆ ರೈತನ ಆರು ತಿಂಗಳ ಸಾಲ ತೀರುತ್ತದೆ. ಹತ್ತು ದಿನ ತಡವಾದರೆ ಅದೇ ಹೂವನ್ನು ಕೇಳುವವರಿಲ್ಲ. ಅಂಥ ಬೆಳೆಯಲ್ಲಿ ನಂಬಿಕೆಯ ಮೇಲೆ ಕತ್ತರಿ ಆಡಿಸುವುದು ಜೂಜಾಟವೇ ಸರಿ. ಇದನ್ನು ಲೆಕ್ಕ ಹಾಕಿ ನೋಡಬಹುದೆ? ಹಾಕಬಹುದು. ಅದಕ್ಕೆ ಬೇಕಾದ ಗಣಿತವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಎಟುಕುವಂಥದೇ. ಬೆಳಕು ಎಲೆಯ ಮೇಲೆ ಬೀಳುವುದು, ಹೀರಿಹೋಗುವುದು, ಸೋಸಿ ಕೆಳಗಿಳಿಯುವುದು, ಇವೆಲ್ಲ ಭೌತವಿಜ್ಞಾನದ ವಿಷಯಗಳೇ ಅಲ್ಲವೆ? ಆ ದಾರಿಯಿಂದಲೇ ಈ ಪ್ರಶ್ನೆಯನ್ನು ಪ್ರವೇಶಿಸೋಣ.

ಎಲೆ ತಿನ್ನುವುದೋ, ಉಣಿಸುವುದೋ?

ಮೊದಲು ಎಲೆಯ ದುಡಿಮೆ ಎಷ್ಟೆಂದು ತಿಳಿಯಬೇಕು. ಗಿಡದ ಒಣತೂಕದಲ್ಲಿ ಬಹುಪಾಲು ಮಣ್ಣಿನಿಂದ ಬಂದುದಲ್ಲ, ಗಾಳಿಯಿಂದ ಬಂದುದು. ಎಲೆಯ ಸೂಕ್ಷ್ಮರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಕ್ಕೆ ಬರುತ್ತದೆ. ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಹಿಡಿಯುತ್ತದೆ. ನೀರೂ ಆ ಅನಿಲವೂ ಸೇರಿ ಸಕ್ಕರೆಯಾಗುತ್ತದೆ. ಅಂಗೈಯಗಲದ, ಎಂದರೆ ಸುಮಾರು 100 ಚದರ ಸೆಂಟಿಮೀಟರ್ ಹರವುಳ್ಳ ಒಂದು ಎಲೆಯನ್ನು ತೆಗೆದುಕೊಳ್ಳೋಣ. ಒಳ್ಳೆಯ ಬಿಸಿಲಿನಲ್ಲಿ ಇಂಥ ಎಲೆ ಪ್ರತಿ ಸೆಕೆಂಡಿಗೆ, ಪ್ರತಿ ಚದರ ಮೀಟರಿಗೆ ಸುಮಾರು 15 ಮೈಕ್ರೋಮೋಲ್ ಇಂಗಾಲದ ಡೈಆಕ್ಸೈಡನ್ನು ಹಿಡಿಯಬಲ್ಲದು. ದಿನಕ್ಕೆ 8 ಗಂಟೆ ಈ ದರದಲ್ಲಿ ದುಡಿಯಿತೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ಒಂದು ಎಲೆ ದಿನಕ್ಕೆ ಸುಮಾರು 0.13 ಗ್ರಾಂ ಸಕ್ಕರೆ ತಯಾರಿಸಿದಂತಾಯಿತು. ಎಂಟು ಎಲೆ ಸೇರಿದರೆ ದಿನಕ್ಕೆ ಒಂದು ಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ಗಿಡದ ಬೇರು, ಕಾಂಡ, ಹೂವು, ಹಣ್ಣು ಎಲ್ಲವೂ ಈ ಅಲ್ಪದ ಮೊತ್ತವೇ ಹೊರತು ಬೇರೇನಲ್ಲ.

ಹೀಗೆ ತಯಾರಾದ ಸಕ್ಕರೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಕಣ್ಣಾರೆ ಕಂಡಂತೆ ಉತ್ತರ ಕೊಟ್ಟದ್ದು ಭೌತವಿಜ್ಞಾನದ ಒಂದು ಉಪಕರಣ. 1940ರಲ್ಲಿ ಅಮೆರಿಕದ ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ಯುಯೆಲ್ ರೂಬೆನ್ ಎಂಬವರು ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವನ್ನು ಕಂಡುಹಿಡಿದರು. ಈ ಇಂಗಾಲದಿಂದ ಮಾಡಿದ ಅನಿಲವನ್ನು ಒಂದೇ ಒಂದು ಎಲೆಗೆ ಉಣಿಸಿ, ಕೆಲವು ಗಂಟೆಗಳ ಮೇಲೆ ಗಿಡವನ್ನು ಛಾಯಾಚಿತ್ರದ ಫಲಕಕ್ಕೆ ಒತ್ತಿಟ್ಟರೆ, ಆ ಎಲೆಯ ಸಕ್ಕರೆ ಗಿಡದ ಯಾವ ಯಾವ ಭಾಗಕ್ಕೆ ಹೋಗಿದೆಯೋ ಆ ಭಾಗಗಳೆಲ್ಲ ಫಲಕದ ಮೇಲೆ ಕಪ್ಪಾಗಿ ಮೂಡುತ್ತವೆ. ಇಂಥ ಪ್ರಯೋಗಗಳಿಂದ ಒಂದು ಮುಖ್ಯವಾದ ಸಂಗತಿ ತಿಳಿದುಬಂದಿತು. ಎಳೆಯ ಚಿಗುರೆಲೆ ತನ್ನ ಬೆಳವಣಿಗೆಗೆ ಇತರ ಎಲೆಗಳಿಂದ ಸಕ್ಕರೆಯನ್ನು ತರಿಸಿಕೊಳ್ಳುತ್ತದೆ. ಅದು ತನ್ನ ಪೂರ್ಣ ಗಾತ್ರದ ಮೂರನೆಯ ಒಂದು ಭಾಗದಿಂದ ಅರ್ಧದಷ್ಟಕ್ಕೆ ಬರುವ ಹೊತ್ತಿಗೆ ವ್ಯವಹಾರ ತಿರುಗಿಬೀಳುತ್ತದೆ. ಅಲ್ಲಿಂದ ಮುಂದೆ ಅದು ರಫ್ತು ಮಾಡುವ ಎಲೆ. ಒಮ್ಮೆ ಹೀಗಾದ ಎಲೆ ಮತ್ತೆ ಆಮದಿಗೆ ಹಿಂತಿರುಗುವುದಿಲ್ಲ. ಅದನ್ನು ಕತ್ತಲೆಯಲ್ಲಿಟ್ಟರೂ ನೆರೆಯ ಎಲೆಗಳಿಂದ ಅದಕ್ಕೆ ಅನ್ನ ಬರುವುದಿಲ್ಲ. ಅದು ತನ್ನಲ್ಲಿದ್ದುದನ್ನು ಕರಗಿಸಿಕೊಂಡು, ಹಳದಿಯಾಗಿ, ಬಿದ್ದುಹೋಗುತ್ತದೆ.

ಈ ಒಂದು ಸಂಗತಿಯಿಂದಲೇ ಮೇಲೆ ಹೇಳಿದ ನಂಬಿಕೆಯ ಅರ್ಧ ಭಾಗ ಕುಸಿಯುತ್ತದೆ. ಬೆಳೆದ ದೊಡ್ಡ ಎಲೆ ಮೊಗ್ಗಿನ ಅನ್ನವನ್ನು ಕದಿಯುವುದಿಲ್ಲ. ಕದಿಯಲು ಅದಕ್ಕೆ ದಾರಿಯೇ ಇಲ್ಲ. ನೆರಳಿನಲ್ಲಿ ಸಿಕ್ಕಿಬಿದ್ದ ಎಲೆ ಮೊಗ್ಗಿಗೆ ಏನನ್ನೂ ಕೊಡದೆ ಇರಬಹುದು, ಆದರೆ ಮೊಗ್ಗಿನಿಂದ ಏನನ್ನೂ ತೆಗೆದುಕೊಳ್ಳಲಾರದು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂದಿತು? ಕುಡಿ ಚಿವುಟುವುದನ್ನೂ ಎಲೆ ಕೀಳುವುದನ್ನೂ ಒಂದೇ ಎಂದು ತಿಳಿದುದರಿಂದ ಬಂದಿರಬೇಕೆಂದು ನಮಗೆ ತೋರುತ್ತದೆ. ಸೇವಂತಿಗೆಯ ಸಸಿ ಒಂದಷ್ಟು ಎತ್ತರವಾದ ಮೇಲೆ ಅದರ ತುದಿಯನ್ನು ಚಿವುಟುವುದು ಬೆಳೆಗಾರರ ವಾಡಿಕೆ. ತುದಿಯ ಕುಡಿ ಆಕ್ಸಿನ್ ಎಂಬ ಚೋದಕವನ್ನು ಕೆಳಕ್ಕೆ ಕಳುಹಿಸಿ ಪಕ್ಕದ ಮೊಗ್ಗುಗಳು ಒಡೆಯದಂತೆ ತಡೆಯುತ್ತಿರುತ್ತದೆ. ಕುಡಿ ಹೋದರೆ ಆ ಅಡ್ಡಿ ಹೋಗಿ ಕವಲುಗಳು ಹೆಚ್ಚುತ್ತವೆ. ಕವಲು ಹೆಚ್ಚಿದರೆ ಹೂವು ಹೆಚ್ಚುತ್ತದೆ. ಇಲ್ಲಿ ಲಾಭ ಬಂದುದು ಕುಡಿ ಹೋದುದರಿಂದ; ಎಲೆ ಹೋದುದರಿಂದಲ್ಲ. ಅದೂ ಹೂಬಿಡುವುದಕ್ಕೆ ಎಷ್ಟೋ ಮುಂಚೆ ಮಾಡುವ ಕೆಲಸ.

ಎಲೆಗಳ ಕೆಳಗಿನ ಬೆಳಕು

ನಂಬಿಕೆಯ ಇನ್ನರ್ಧ ಬೆಳಕಿಗೆ ಸಂಬಂಧಿಸಿದ್ದು. ಮೇಲಿನ ಎಲೆ ಕೆಳಗಿನದಕ್ಕೆ ನೆರಳು ಮಾಡುವುದು ನಿಜ. ಎಷ್ಟು ನೆರಳು?

ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು ಒಂದು ಚದರ ಮೀಟರ್ ಹರವುಳ್ಳ ಎಲೆಗಳಿದ್ದರೆ ಅದನ್ನು ಒಂದು ಪದರವೆನ್ನೋಣ. ಎರಡು ಚದರ ಮೀಟರ್ ಇದ್ದರೆ ಎರಡು ಪದರ. ಎಲೆಗಳು ಮಂಗಳೂರು ಹೆಂಚಿನಂತೆ ಒತ್ತಾಗಿ ಜೋಡಿಸಿದವಲ್ಲ. ಒಂದರ ಮೇಲೊಂದು ಬಿದ್ದು, ನಡುನಡುವೆ ಸಂದುಗಳನ್ನು ಬಿಟ್ಟಿರುತ್ತವೆ. ಆದುದರಿಂದ ಒಂದು ಪದರವು ಬೆಳಕನ್ನೆಲ್ಲ ತಡೆಯುವುದಿಲ್ಲ. ಅದರಲ್ಲಿ ಒಂದು ಗೊತ್ತಾದ ಭಾಗವನ್ನು ತಡೆಯುತ್ತದೆ. ಎರಡನೆಯ ಪದರ ಉಳಿದುದರಲ್ಲಿ ಅಷ್ಟೇ ಭಾಗವನ್ನು ತಡೆಯುತ್ತದೆ. ಬಣ್ಣದ ನೀರಿನ ಮೂಲಕ ಬೆಳಕು ಹಾಯುವಾಗಲೂ ಇದೇ ನಿಯಮ. ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಬಿಯರ್ ಮತ್ತು ಲ್ಯಾಂಬರ್ಟ್‌ರ ನಿಯಮವೆಂದು ಓದಿರುತ್ತಾರೆ. 1953ರಲ್ಲಿ ಜಪಾನಿನ ಮೊನ್ಸಿ ಮತ್ತು ಸಾಯೆಕಿ ಎಂಬ ಇಬ್ಬರು ವಿಜ್ಞಾನಿಗಳು ಗಿಡಗಳ ಗುಂಪಿಗೂ ಈ ನಿಯಮ ಹೊಂದುತ್ತದೆಂದು ತೋರಿಸಿದರು.

ದ್ರಾಕ್ಷಿಯ ಚಪ್ಪರದಲ್ಲಿರುವಂತೆ ಅಗಲವಾಗಿ, ಹೆಚ್ಚು ಕಡಮೆ ಅಡ್ಡಲಾಗಿ ಹರಡಿದ ಎಲೆಗಳಿಗೆ ಈ ನಿಯಮದ ಗುಣಾಂಕವನ್ನು 0.7 ಎಂದು ಇಟ್ಟುಕೊಳ್ಳಬಹುದು. ಆಗ ಲೆಕ್ಕ ಬಹಳ ಸುಲಭವಾಗುತ್ತದೆ: ಪ್ರತಿ ಪದರವೂ ಬೆಳಕನ್ನು ಅರ್ಧಕ್ಕೆ ಇಳಿಸುತ್ತದೆ. ಮೇಲೆ ಬಿದ್ದ ಬೆಳಕು 100 ಎಂದಾದರೆ, ಒಂದು ಪದರದ ಕೆಳಗೆ 50, ಎರಡರ ಕೆಳಗೆ 25, ಮೂರರ ಕೆಳಗೆ 12, ನಾಲ್ಕರ ಕೆಳಗೆ 6, ಐದರ ಕೆಳಗೆ 3, ಆರರ ಕೆಳಗೆ ಒಂದೂವರೆ.

ಈಗ ಇದನ್ನು ಎಲೆಯ ಅವಶ್ಯಕತೆಯೊಡನೆ ಹೋಲಿಸಬೇಕು. ಎಲೆ ಹಗಲಿನಲ್ಲಿ ಸಕ್ಕರೆ ಕಟ್ಟುವುದರ ಜೊತೆಗೆ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಉಸಿರಾಟಕ್ಕೆ ಸಕ್ಕರೆ ಖರ್ಚಾಗುತ್ತದೆ. ಬೆಳಕು ತೀರ ಕಡಮೆಯಾದಾಗ ಒಂದು ಹಂತದಲ್ಲಿ ಗಳಿಕೆಯೂ ಖರ್ಚೂ ಸರಿಸಮವಾಗುತ್ತವೆ. ಇದನ್ನು ಸರಿದೂಗುವ ಬಿಂದು ಎನ್ನೋಣ. ಬಿಸಿಲನ್ನು ಬಯಸುವ ಗಿಡಗಳಲ್ಲಿ ಈ ಬಿಂದು ಮಧ್ಯಾಹ್ನದ ಪೂರ್ಣ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಇರುತ್ತದೆ. ಬೆಳಗ್ಗೆ, ಸಂಜೆ ಮತ್ತು ಮೋಡ ಕವಿದಾಗ ಬೆಳಕು ಇನ್ನೂ ಕಡಮೆ. ಜೊತೆಗೆ ರಾತ್ರಿಯ ಖರ್ಚನ್ನೂ ಹಗಲಿನ ಗಳಿಕೆಯೇ ತೂಗಿಸಬೇಕು. ಇವೆಲ್ಲವನ್ನೂ ಸೇರಿಸಿದರೆ, ಐದು ಪದರಗಳ ಕೆಳಗಿರುವ ಎಲೆ ದಿನದ ಲೆಕ್ಕದಲ್ಲಿ ಲಾಭಕ್ಕೂ ನಷ್ಟಕ್ಕೂ ನಡುವೆ ತೂಗಾಡುತ್ತಿರುತ್ತದೆ; ಆರರ ಕೆಳಗಿನದು ನಷ್ಟದ್ದೇ ಎನ್ನಬಹುದು.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ದುಡಿಯದ ಎಲೆ ಎಂಬುದು ಇದ್ದರೆ ಅದು ಐದಾರು ಪದರಗಳ ಅಡಿಯಲ್ಲಿದೆ. ಗಿಡದ ನೆತ್ತಿಯಲ್ಲಾಗಲಿ ನಡುವಿನಲ್ಲಾಗಲಿ ಇಲ್ಲ. ಮೊಗಸಾಲೆಯ ಕುಂಡದಲ್ಲಿರುವ ಟೊಮೇಟೊ ಗಿಡಕ್ಕೆ ಅಷ್ಟು ಪದರಗಳು ಇರುವುದೇ ಇಲ್ಲ. ಅದಕ್ಕೆ ಪಕ್ಕದಿಂದಲೂ ಬೆಳಕು ಬೀಳುತ್ತಿರುತ್ತದೆ. ಅಂಥ ಗಿಡದಿಂದ ಹಸುರೆಲೆಯನ್ನು ಕೀಳುವವರು ದುಡಿಯುವ ಆಳನ್ನೇ ಮನೆಯಿಂದ ಓಡಿಸುತ್ತಿದ್ದಾರೆ.

ಕೆಳಗಿನ ಎಲೆ ಹಳದಿಯಾಗುತ್ತಿದ್ದರೆ? ಆಗಲೂ ಸ್ವಲ್ಪ ತಾಳ್ಮೆ ಲೇಸು. ಎಲೆ ಉದುರುವ ಮುಂಚೆ ತನ್ನಲ್ಲಿರುವ ಸಾರಜನಕ, ರಂಜಕ ಮೊದಲಾದವುಗಳಲ್ಲಿ ಸುಮಾರು ಅರ್ಧದಷ್ಟನ್ನು ಬಿಚ್ಚಿ ಗಿಡಕ್ಕೆ ಹಿಂದಿರುಗಿಸುತ್ತದೆ. ಅರೆಹಳದಿಯ ಎಲೆ ಎಂದರೆ ಆಸ್ತಿ ಹಂಚುತ್ತಿರುವ ಎಲೆ. ಅದನ್ನು ಹಂಚಿಕೆಯ ನಡುವೆ ಕಿತ್ತರೆ ಆ ಪಾಲು ಕಸದ ಗುಂಡಿಗೆ ಹೋಗುತ್ತದೆ. ರೋಗ ತಗುಲಿ ಹಳದಿಯಾದ ಎಲೆಯ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಎಲೆಯೇ ಗಡಿಯಾರ

ಎಲೆ ಅನ್ನವನ್ನಷ್ಟೇ ಮಾಡುತ್ತದೆಯೆ? ಹೂವಿನ ಮಟ್ಟಿಗೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹೂಬಿಡುವ ಹೊತ್ತು ಬಂದಿತೆಂದು ಗಿಡಕ್ಕೆ ಸುದ್ದಿ ಮುಟ್ಟಿಸುವುದೂ ಎಲೆಯೇ.

ಈ ಕಥೆ ಆರಂಭವಾಗುವುದು ಭಂಗಿ ಗಿಡದಿಂದ, ಎಂದರೆ ಗಾಂಜಾ ಬರುವ ಗಿಡದಿಂದ. 1912ರಲ್ಲಿ ಫ್ರಾನ್ಸಿನ ಜೂಲಿಯನ್ ತೂರ್ನ್ವಾ ಎಂಬ ಯುವ ಸಸ್ಯವಿಜ್ಞಾನಿ, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದ ಭಂಗಿ ಗಿಡಗಳು ಇನ್ನೂ ಸಣ್ಣವಾಗಿರುವಾಗಲೇ ಹೂಬಿಡುವುದನ್ನು ಗಮನಿಸಿದನು. ಚಳಿಯಲ್ಲ, ಗೊಬ್ಬರವಲ್ಲ, ರಾತ್ರಿಯ ಉದ್ದವೇ ಇದಕ್ಕೆ ಕಾರಣವೆಂಬ ನಿರ್ಣಯಕ್ಕೆ ಅವನು ಬಂದನು. ಮೊದಲನೆಯ ಮಹಾಯುದ್ಧದಲ್ಲಿ ಅವನು ಮಡಿದುದರಿಂದ ಆ ಕೆಲಸ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬವರು ಹೊಗೆಸೊಪ್ಪು, ಸೋಯಾ ಅವರೆ ಮೊದಲಾದ ಗಿಡಗಳಲ್ಲಿ ಇದೇ ತತ್ತ್ವವನ್ನು ವಿಸ್ತಾರವಾಗಿ ಸ್ಥಾಪಿಸಿದರು. ರಾತ್ರಿ ಉದ್ದವಾದಾಗ ಹೂಬಿಡುವ ಇಂಥ ಗಿಡಗಳಿಗೆ ಕಿರುಹಗಲಿನ ಗಿಡಗಳೆಂದು ಹೆಸರು. ಭಂಗಿ ಗಿಡವನ್ನು ಅನುಮತಿಯಿಲ್ಲದೆ ಬೆಳೆಯುವುದು ನಮ್ಮ ದೇಶದಲ್ಲಿ 1985ರ ಮಾದಕವಸ್ತುಗಳ ಕಾಯಿದೆಯಂತೆ ಅಪರಾಧ. ಆದರೆ ಅದೇ ಕಿರುಹಗಲಿನ ಜಾತಿಗೆ ಸೇರಿದ, ದೇವರ ತಲೆಯ ಮೇಲೆಯೇ ಇರುವ ಗಿಡ ಒಂದಿದೆ. ಅದೇ ನಮ್ಮ ಸೇವಂತಿಗೆ.

ರಾತ್ರಿಯ ಉದ್ದವನ್ನು ಅಳೆಯುವ ಅಂಗ ಯಾವುದು? ಹೂವು ಮೂಡುವುದು ಕುಡಿಯಲ್ಲಾದುದರಿಂದ ಅಳೆಯುವುದೂ ಕುಡಿಯೇ ಇರಬೇಕೆಂದು ಯಾರಾದರೂ ಊಹಿಸಿಯಾರು. 1930ರ ದಶಕದ ನಡುವಿನಲ್ಲಿ ಸೋವಿಯತ್ ದೇಶದ ಮಿಖಾಯಿಲ್ ಚೈಲಾಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆಯ ಗಿಡದಲ್ಲಿಯೇ ಇದನ್ನು ಪರೀಕ್ಷಿಸಿದನು. ಗಿಡದ ಮೇಲರ್ಧದ ಎಲೆಗಳನ್ನೆಲ್ಲ ಕಿತ್ತು, ಕೆಳಗಿನ ಅರ್ಧದಲ್ಲಿ ಎಲೆಗಳನ್ನು ಉಳಿಸಿದನು. ಕೆಳಗಿನ ಎಲೆಗಳಿಗೆ ಕಿರುಹಗಲನ್ನೂ, ಮೇಲಿನ ಬೋಳು ತುದಿಗೆ ದೀರ್ಘಹಗಲನ್ನೂ ಕೊಟ್ಟಾಗ ತುದಿಯಲ್ಲಿ ಹೂವು ಬಂದಿತು. ಇದನ್ನು ತಿರುಗಿಸಿ, ಎಲೆಗಳಿಗೆ ದೀರ್ಘಹಗಲನ್ನೂ ಬೋಳು ತುದಿಗೆ ಕಿರುಹಗಲನ್ನೂ ಕೊಟ್ಟಾಗ ಹೂವು ಬರಲಿಲ್ಲ. ಗಡಿಯಾರ ಎಲೆಯಲ್ಲಿದೆ, ಅಲ್ಲಿಂದ ಯಾವುದೋ ದೂತ ಕುಡಿಗೆ ಹೋಗುತ್ತಾನೆ ಎಂಬುದು ಇದರಿಂದ ಸಿದ್ಧವಾಯಿತು. ಆ ದೂತನಿಗೆ ಅವನು ಫ್ಲೋರಿಜೆನ್ ಎಂದು ಹೆಸರಿಟ್ಟನು. ಹೆಸರಿಟ್ಟ ಮೇಲೆ ಎಪ್ಪತ್ತು ವರ್ಷ ಆ ದೂತ ಯಾರ ಕೈಗೂ ಸಿಕ್ಕಲಿಲ್ಲ. ಎಲೆಯಲ್ಲಿ ಹುಟ್ಟಿ, ಸಕ್ಕರೆ ಹರಿಯುವ ನಾಳಗಳಲ್ಲಿಯೇ ಪ್ರಯಾಣ ಮಾಡಿ ಕುಡಿಯನ್ನು ಸೇರುವ ಒಂದು ಸಣ್ಣ ಪ್ರೋಟೀನೇ ಅದು ಎಂಬುದು 2007ರಲ್ಲಿ ಖಚಿತವಾಯಿತು.

ಈ ಜ್ಞಾನಕ್ಕೆ ನಮ್ಮ ನೆರೆಹೊರೆಯಲ್ಲಿಯೇ ಉಪಯೋಗವಿದೆ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 12 ಗಂಟೆ 54 ನಿಮಿಷ. ಅತಿ ಕಿರಿದು ಸುಮಾರು 11 ಗಂಟೆ 22 ನಿಮಿಷ. ಸೇವಂತಿಗೆಯ ಅನೇಕ ತಳಿಗಳು ಹಗಲು ಸುಮಾರು 13ರಿಂದ 14 ಗಂಟೆಗಿಂತ ಕಡಮೆಯಾದರೆ ಮೊಗ್ಗಿಗೆ ತೊಡಗುತ್ತವೆ. ಅಂಥ ತಳಿಗೆ ಬೆಂಗಳೂರಿನಲ್ಲಿ ವರ್ಷವಿಡೀ ಕಿರುಹಗಲೇ ಆಯಿತು. ಸಸಿ ಗೇಣುದ್ದ ಇರುವಾಗಲೇ ಹೂವಿಗೆ ಹೊರಟುಬಿಡುತ್ತದೆ. ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ರಾತ್ರಿ ಪ್ರಯಾಣ ಮಾಡುವವರು ಹೊಲದ ತುಂಬ ವಿದ್ಯುದ್ದೀಪಗಳ ಸಾಲನ್ನು ಕಂಡಿರಬಹುದು. ಅದು ಜಾತ್ರೆಯಲ್ಲ; ಸೇವಂತಿಗೆಯ ಎಲೆಗಳಿಗೆ ರಾತ್ರಿ ಚಿಕ್ಕದೆಂದು ತೋರಿಸುವ ಉಪಾಯ. ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ಆರಿಸಿದರೆ ಎಲೆಗಳು ನಿಜವಾದ ರಾತ್ರಿಯನ್ನು ಅಳೆಯುತ್ತವೆ, ಮೊಗ್ಗು ಹೊರಡುತ್ತದೆ, ಹಬ್ಬದ ದಿನಕ್ಕೆ ಹೂವನ್ನು ಹೊಂದಿಸಿಕೊಳ್ಳಬಹುದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಬೆಳಕನ್ನು ಗುರುತಿಸುತ್ತದೆ. ಕೆಂಪು ಬೆಳಕಿಗೆ, ಎಂದರೆ ಸುಮಾರು 660 ನ್ಯಾನೋಮೀಟರ್ ತರಂಗಾಂತರಕ್ಕೆ, ಅದು ಹೆಚ್ಚಾಗಿ ಓಗೊಡುತ್ತದೆ. ಕಾರ್ಖಾನೆಯ ಆವರಣದ ಪ್ರಖರವಾದ ದೀಪಗಳು ಪಕ್ಕದ ಹೊಲದ ಮೇಲೆ ರಾತ್ರಿಯಿಡೀ ಬೀಳುತ್ತಿದ್ದರೆ ಆ ಅಂಚಿನ ಸೇವಂತಿಗೆ ತಡವಾಗಿ ಅರಳುವುದಕ್ಕೂ ಇದೇ ಕಾರಣ.

ದೀಪ ಆರಿಸಿದ ಮೇಲಿನ ವಾರಗಳಲ್ಲಿಯೇ ಬೆಳೆಗಾರನು ಮೇಲ್ಭಾಗದ ಪ್ರಾಯದ ಎಲೆಗಳನ್ನು ಸವರಿಬಿಟ್ಟರೆ ಏನಾದೀತು? ಸುದ್ದಿ ಕಳುಹಿಸುವ ಕಚೇರಿಯನ್ನೇ ಮುಚ್ಚಿದಂತಾಯಿತು. ಮೊಗ್ಗು ತಡವಾಗುತ್ತದೆ; ಹಬ್ಬ ಮಾತ್ರ ತಡವಾಗುವುದಿಲ್ಲ.

ಕಣಜವುಳ್ಳ ಗಿಡ, ಕಣಜವಿಲ್ಲದ ಗಿಡ

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಒಂದು ಆಕ್ಷೇಪವನ್ನೆತ್ತಬಹುದು. ದ್ರಾಕ್ಷಿಯ ಬಳ್ಳಿಯನ್ನು ಎಲೆಯೊಂದೂ ಉಳಿಯದಂತೆ ಸವರುತ್ತಾರೆ, ಆಮೇಲೆಯೇ ಅದು ಹೂಬಿಡುತ್ತದೆ. ದಾಳಿಂಬೆಯ ತೋಟದಲ್ಲಿ ಔಷಧ ಹೊಡೆದು ಎಲೆ ಉದುರಿಸುತ್ತಾರೆ, ಆಮೇಲೆಯೇ ಅದು ಹೂಬಿಡುತ್ತದೆ. ಹೀಗಿರುವಾಗ ಎಲೆ ಕೀಳುವುದು ಕೆಟ್ಟದ್ದೆಂದು ಹೇಗೆ ಹೇಳುತ್ತೀರಿ?

ಆಕ್ಷೇಪ ಯೋಗ್ಯವಾಗಿದೆ. ಉತ್ತರ ಕಾಲದಲ್ಲಿದೆ, ಕಣಜದಲ್ಲಿದೆ. ದ್ರಾಕ್ಷಿ, ದಾಳಿಂಬೆಗಳು ಬಹುವರ್ಷಗಳ ಮರಜಾತಿಯವು. ಅವುಗಳ ಕಾಂಡವೂ ಬೇರೂ ಹಿಂದಿನ ತಿಂಗಳುಗಳಲ್ಲಿ ಎಲೆಗಳು ದುಡಿದು ಕೂಡಿಟ್ಟ ಪಿಷ್ಟದ ಕಣಜಗಳು. ಎಲೆಗಳನ್ನೆಲ್ಲ ತೆಗೆದಾಗ ಬಳ್ಳಿ ಆ ಕಣಜವನ್ನು ಒಡೆದು ಹೊಸ ಚಿಗುರನ್ನು ಹೊರಡಿಸುತ್ತದೆ. ಆ ಚಿಗುರಿನಲ್ಲಿಯೇ ಹೂಗೊಂಚಲು ಬರುತ್ತದೆ. ಇದು ಹೂಬಿಡುವುದಕ್ಕೆ ಮುಂಚೆ ಮಾಡುವ ಕೆಲಸ. ಹೂ ಬಂದ ಮೇಲೆ ಕಣಜ ಬರಿದಾಗಿರುತ್ತದೆ. ಆಗ ಬಳ್ಳಿ ಹೊಸ ಎಲೆಗಳ ದುಡಿಮೆಯನ್ನೇ ನಂಬಿಕೊಂಡಿರುತ್ತದೆ. ಸೇವಂತಿಗೆ, ಟೊಮೇಟೊ ಮೊದಲಾದವುಗಳಿಗೆ ಅಂಥ ಕಣಜವೇ ಇಲ್ಲ. ಅವು ಅಂದು ದುಡಿದು ಅಂದು ಉಣ್ಣುವ ಕುಟುಂಬಗಳು.

ಬೆಂಗಳೂರು ನೀಲಿ ಎಂಬ ದ್ರಾಕ್ಷಿಯ ಲೆಕ್ಕವನ್ನೇ ಹಾಕಿ ನೋಡೋಣ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸುತ್ತ ಬಹುಕಾಲದಿಂದ ಬೆಳೆದುಬಂದ, ವರ್ಷಕ್ಕೆ ಎರಡು ಬೆಳೆ ಕೊಡುವ, ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆದ ಕಪ್ಪುನೀಲಿಯ ಹಣ್ಣು ಇದು. ದ್ರಾಕ್ಷಿಯ ವಿಷಯದಲ್ಲಿ ಹಲವು ದೇಶಗಳ ಅನುಭವದಿಂದ ಬಂದ ಒಂದು ಸ್ಥೂಲವಾದ ನಿಯಮವಿದೆ: ಒಂದು ಗ್ರಾಂ ಹಣ್ಣು ಚೆನ್ನಾಗಿ ಮಾಗಬೇಕಾದರೆ ಸುಮಾರು 10 ಚದರ ಸೆಂಟಿಮೀಟರ್ ಎಲೆ ಬೇಕು. 150 ಗ್ರಾಂ ತೂಗುವ ಗೊಂಚಲಿಗೆ 1500 ಚದರ ಸೆಂಟಿಮೀಟರ್. ಅಂಗೈಯಗಲದ ಎಲೆಗಳಾದರೆ 15 ಎಲೆ. ಗೊಂಚಲೊಂದಕ್ಕೆ ಎಂಟೇ ಎಲೆ ಉಳಿಸಿದರೆ ಹಣ್ಣು ಬಣ್ಣಗಟ್ಟದೆ, ಹುಳಿಯಾಗಿಯೇ ನಿಲ್ಲುತ್ತದೆ. ಮುಂದಿನ ಬೆಳೆಯ ಕಣಜವೂ ತುಂಬುವುದಿಲ್ಲ.

ಹೂಬಿಡುವ ಹೊತ್ತಿನಲ್ಲಿಯೇ ದ್ರಾಕ್ಷಿಯ ಎಲೆ ಕಿತ್ತರೆ ಏನಾಗುತ್ತದೆಂಬುದನ್ನು ಇಟಲಿಯ ಬೆಳೆಗಾರರು ಬುದ್ಧಿಪೂರ್ವಕವಾಗಿ ಮಾಡಿ ನೋಡಿದ್ದಾರೆ. ಅಲ್ಲಿ ಮದ್ಯಕ್ಕಾಗಿ ಬೆಳೆಯುವ ಕೆಲವು ತಳಿಗಳಲ್ಲಿ ಗೊಂಚಲು ತೀರ ಒತ್ತಾಗಿ, ನಡುವೆ ಗಾಳಿಯಾಡದೆ ಕೊಳೆಯುತ್ತದೆ. ಅದಕ್ಕಾಗಿ ಹೂವಿನ ಕಾಲದಲ್ಲಿ ಬುಡದ ಕೆಲವು ಎಲೆಗಳನ್ನು ತೆಗೆಯುತ್ತಾರೆ. ಅನ್ನ ಸಾಲದೆ ಹಲವು ಹೂವುಗಳು ಕಾಯಿಗಟ್ಟದೆ ಉದುರಿ ಗೊಂಚಲು ಸಡಿಲವಾಗುತ್ತದೆ. ಎಂದರೆ, ಅವರು ಎಲೆ ಕೀಳುವುದು ಫಸಲನ್ನು ಕಡಮೆ ಮಾಡುವುದಕ್ಕಾಗಿ! ಫಸಲು ಹೆಚ್ಚಲೆಂದು ಅದೇ ಕೆಲಸ ಮಾಡುವವರು ಈ ಉದಾಹರಣೆಯನ್ನು ಚೆನ್ನಾಗಿ ನೆನಪಿನಲ್ಲಿಡಬೇಕು.

ಎಲೆಯನ್ನು ಕಳೆದುಕೊಳ್ಳದೆಯೇ ಬೆಳಕನ್ನು ಹಂಚುವ ಬೇರೆ ದಾರಿಗಳಿವೆ. ಬಹುತೇಕ ಎಲೆಗಳು ಮಧ್ಯಾಹ್ನದ ಬಿಸಿಲಿನಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟನ್ನು ಮಾತ್ರ ಬಳಸಬಲ್ಲವು. ಉಳಿದುದು ಅವಕ್ಕೆ ಹೊರೆ. ಅಡ್ಡಲಾಗಿರುವ ಎಲೆಯನ್ನು 60 ಡಿಗ್ರಿ ಓರೆ ಮಾಡಿದರೆ ಅದರ ಮೇಲೆ ಬೀಳುವ ನೆತ್ತಿಯ ಬಿಸಿಲು ಅರ್ಧವಾಗುತ್ತದೆ, ಏಕೆಂದರೆ 60 ಡಿಗ್ರಿಯ ಕೊಸೈನು ಅರ್ಧ. ಎಲೆಗೆ ನಷ್ಟವಿಲ್ಲ, ಉಳಿದರ್ಧ ಕೆಳಗಿನ ಎಲೆಗೆ ಲಾಭ. ಕೊಂಬೆಯನ್ನು ಕಡ್ಡಿಗೆ ಕಟ್ಟಿ ಹರಡುವುದರ, ಸಾಲುಗಳ ನಡುವೆ ಅಂತರ ಬಿಡುವುದರ ರಹಸ್ಯ ಇದೇ. ಆನೇಕಲ್, ಹೊಸೂರುಗಳ ಸುತ್ತಣ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹೂವಿಗೆ ಬಾರದ ಬಡಕಲು ಕೊಂಬೆಗಳನ್ನು ಅವರು ಕತ್ತರಿಸಿ ಎಸೆಯುವುದಿಲ್ಲ. ಪಕ್ಕಕ್ಕೆ ಬಗ್ಗಿಸಿ ಬಿಡುತ್ತಾರೆ. ಬಗ್ಗಿದ ಕೊಂಬೆಯ ಎಲೆಗಳು ಅಲ್ಲಿಂದಲೇ ಸಕ್ಕರೆ ಮಾಡಿ ಬುಡಕ್ಕೆ ಕಳುಹಿಸುತ್ತವೆ. ಬುಡದಿಂದ ನೆಟ್ಟಗೆ, ದಪ್ಪವಾಗಿ ಹೊರಟ ಹೊಸ ಕೊಂಬೆ ಮಾರುಕಟ್ಟೆಗೆ ಹೋಗುವ ಹೂವನ್ನು ಕೊಡುತ್ತದೆ.

ಕೀಳಲೇಬೇಕಾದ ಎಲೆ

ಹಾಗಾದರೆ ಎಲೆಯನ್ನು ಎಂದಿಗೂ ಮುಟ್ಟಬಾರದೆ? ಮುಟ್ಟಬೇಕಾದ ಸಂದರ್ಭಗಳಿವೆ, ಮತ್ತು ಅವು ಬಹುಮಟ್ಟಿಗೆ ಅನ್ನದ ವಿಷಯವಲ್ಲ, ಗಾಳಿಯ ವಿಷಯ. ಎಲೆಗಳಿಂದ ದಿನವೂ ನೀರಿನ ಆವಿ ಹೊರಡುತ್ತದೆ. ಒತ್ತಾದ ಎಲೆಗಳ ನಡುವೆ ಗಾಳಿ ಚಲಿಸದಿದ್ದರೆ ಆ ಆವಿ ಅಲ್ಲಿಯೇ ನಿಂತು, ರಾತ್ರಿ ತಂಪಾದಾಗ ಹನಿಗಟ್ಟುತ್ತದೆ. ಬೂಷ್ಟುರೋಗಗಳ ಬೀಜಾಣುಗಳಿಗೆ ಮೊಳೆಯಲು ಬೇಕಾದುದು ಈ ತೇವವೇ. ಮಳೆಗಾಲದ ದ್ರಾಕ್ಷಿಗೂ, ಪಾಲಿಹೌಸಿನ ಒಳಗಿನ ಬೆಳೆಗೂ ಇದು ದೊಡ್ಡ ಅಪಾಯ. ಆದುದರಿಂದ ನೆಲಕ್ಕೆ ತಾಗಿದ ಎಲೆ, ರೋಗ ತಗುಲಿದ ಎಲೆ, ಗೊಂಚಲಿಗೆ ಅಂಟಿಕೊಂಡು ತೇವ ಹಿಡಿದಿಟ್ಟ ಎಲೆ, ಇವನ್ನು ತೆಗೆಯಬೇಕು. ಟೊಮೇಟೊವಿನಲ್ಲಿ ಮಾಗಿ ಕೊಯ್ದಾದ ಗೊಂಚಲಿನ ಕೆಳಗಿನ ಮುದಿ ಎಲೆಗಳನ್ನೂ ತೆಗೆಯಬಹುದು. ಅವು ಉಣಿಸುತ್ತಿದ್ದ ಕಾಯಿ ಆಗಲೇ ಮನೆ ಸೇರಿದೆ.

ಇದರಲ್ಲಿಯೂ ಹದ ಬೇಕು. ನೆರಳಿನಲ್ಲಿ ಬೆಳೆದ ದ್ರಾಕ್ಷಿಯ ಕಾಯಿಯನ್ನು ಒಮ್ಮೆಗೇ ಮಧ್ಯಾಹ್ನದ ಬಿಸಿಲಿಗೆ ತೆರೆದರೆ ಅದರ ಉಷ್ಣತೆ ಸುತ್ತಲಿನ ಗಾಳಿಗಿಂತ 10 ಡಿಗ್ರಿಯವರೆಗೂ ಏರಬಲ್ಲದು. ಎಲೆ ನೀರನ್ನು ಆವಿ ಮಾಡಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಕಾಯಿಗೆ ಆ ಸೌಕರ್ಯ ಅಷ್ಟಾಗಿ ಇಲ್ಲ. ಏಪ್ರಿಲ್ ತಿಂಗಳಿನಲ್ಲಿ ಗಾಳಿಯೇ 35 ಡಿಗ್ರಿ ಇರುವಾಗ ಕಾಯಿ 45 ಡಿಗ್ರಿಯಾದರೆ ಸಿಪ್ಪೆ ಬೆಂದು ಕಲೆಯಾಗುತ್ತದೆ. ಎಲೆ ತೆಗೆಯುವುದಿದ್ದರೆ ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಮಗ್ಗುಲಲ್ಲಿ, ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ಪಶ್ಚಿಮದ ಮಗ್ಗುಲಿನ ಎಲೆ ಕಾಯಿಯ ಕೊಡೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಇದನ್ನೆಲ್ಲ ನಾವು ಹೇಳಿದೆವೆಂದು ನಂಬಬೇಕಾದುದಿಲ್ಲ. ಒಂದೇ ದಿನ ನೆಟ್ಟ, ಒಂದೇ ತಳಿಯ ಟೊಮೇಟೊ ಸಸಿಗಳನ್ನು 18 ಕುಂಡಗಳಲ್ಲಿ ಬೆಳೆಸಿರಿ. ಮೊದಲ ಹೂವು ಕಂಡಾಗ ಚೀಟಿ ಎತ್ತಿ ಅವನ್ನು ಆರಾರರ ಮೂರು ಗುಂಪು ಮಾಡಿರಿ. ಚೆನ್ನಾಗಿರುವವನ್ನು ಆರಿಸಿ ಒಂದೇ ಗುಂಪಿಗೆ ಹಾಕಬಾರದು. ಮೊದಲನೆಯ ಗುಂಪನ್ನು ಮುಟ್ಟದೆ ಬಿಡಿರಿ. ಎರಡನೆಯದರಲ್ಲಿ ನೆಲಕ್ಕೆ ತಾಗಿದ ಮತ್ತು ಪೂರ್ತಿ ಹಳದಿಯಾದ ಎಲೆಗಳನ್ನು ಮಾತ್ರ ತೆಗೆಯಿರಿ. ಮೂರನೆಯದರಲ್ಲಿ ಪ್ರತಿ ಗಿಡದ ಹಸುರೆಲೆಗಳಲ್ಲಿ ಅರ್ಧದಷ್ಟನ್ನು ತೆಗೆಯಿರಿ. ಕುಂಡಗಳ ಸ್ಥಳವನ್ನು ವಾರಕ್ಕೊಮ್ಮೆ ಬದಲಾಯಿಸುತ್ತ, ನೀರು ಗೊಬ್ಬರಗಳನ್ನು ಸಮನಾಗಿ ಕೊಡುತ್ತ, ಕಾಯಿಗಳನ್ನು ಎಣಿಸಿ, ಮಾಗಿದ ಮೇಲೆ ತೂಗಿ ಬರೆದಿಡಿರಿ.

ಬೆಳಕನ್ನು ಅಳೆಯಲು ಬೆಲೆಬಾಳುವ ಉಪಕರಣ ಬೇಡ. ಮೊಬೈಲಿನಲ್ಲಿರುವ ಬೆಳಕುಮಾಪಕದ ಮೇಲೆ ಬಿಳಿಯ ಕಾಗದದ ಒಂದು ತುಂಡನ್ನು ಅಂಟಿಸಿ, ಗಿಡದ ಮೇಲೊಮ್ಮೆ, ಬುಡದಲ್ಲೊಮ್ಮೆ ಹಿಡಿದು ಎರಡರ ಅನುಪಾತವನ್ನು ಕಂಡುಕೊಳ್ಳಿರಿ. ಬುಡದ ಬೆಳಕು ಮೇಲಿನದರ ನೂರರಲ್ಲಿ ಮೂರು ಪಾಲಿಗಿಂತ ಹೆಚ್ಚಿದ್ದರೆ ಅಲ್ಲಿಯ ಎಲೆ ಇನ್ನೂ ತನ್ನ ಅನ್ನವನ್ನು ತಾನೇ ಗಳಿಸುತ್ತಿದೆ ಎಂದು ತಿಳಿಯಬಹುದು. ಒಂದು ಎಚ್ಚರಿಕೆ: ಈ ಮಾಪಕ ಅಳೆಯುವುದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕನ್ನು. ಎಲೆಯ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಕಣ್ಣಿಗೆ ಪ್ರಿಯವಾದ ಹಸುರಿನ ಪಾಲು ಹೆಚ್ಚು. ಗಿಡಕ್ಕೆ ಬೇಕಾದ ಕೆಂಪು ಮತ್ತು ನೀಲಿಗಳ ಪಾಲು ಕಡಮೆ. ಆದುದರಿಂದ ಮಾಪಕ ತೋರಿಸಿದುದಕ್ಕಿಂತ ನಿಜವಾದ ಅನುಪಾತ ಸ್ವಲ್ಪ ಕಡಮೆಯೇ ಇರುತ್ತದೆ.

ಕತ್ತರಿ ಹಿಡಿದು ಗಿಡದ ಮುಂದೆ ನಿಲ್ಲುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಈ ಎಲೆಗೆ ಬೆಳಕು ಬೀಳುತ್ತಿದೆಯೆ? ಇದು ರೋಗಕ್ಕೆ ಮನೆಯಾಗಿದೆಯೆ? ಇದು ಉಣಿಸುತ್ತಿರುವ ಹೂವೋ ಕಾಯಿಯೋ ಹತ್ತಿರದಲ್ಲಿದೆಯೆ? ಬೆಳಕು ಬೀಳುತ್ತಿದ್ದು, ರೋಗವಿಲ್ಲದೆ, ಹತ್ತಿರದಲ್ಲಿ ಮೊಗ್ಗಿದ್ದರೆ ಕತ್ತರಿಯನ್ನು ಜೇಬಿಗೆ ಹಾಕಿಕೊಳ್ಳುವುದೇ ಸರಿ.